ಸರ್ ಅಲೆಕ್ಸಾಂಡರ್ ಫ್ಲೆಮಿಂಗ್ (1881–1955): ಪೆನಿಸಿಲಿನ್ ಮತ್ತು ಔಷಧ ಪ್ರತಿರೋಧದ ಮುನ್ಸೂಚನೆ

ಔಷಧ ಮಾರಾಟ ಪರವಾನಗಿಗಾಗಿ ಅರ್ಜಿ ಸಲ್ಲಿಸುವವರ ಹಾಗೂ ಔಷಧ ಅಂಗಡಿಗಳಿಂದ ಆ್ಯಂಟಿಬಯೋಟಿಕ್ ಔಷಧಗಳನ್ನು ಖರೀದಿಸುವ ಸಾರ್ವಜನಿಕರ ಮಾಹಿತಿಗಾಗಿ ಈ ಜೀವನ ಪರಿಚಯವನ್ನು ನೀಡಲಾಗಿದೆ. ಕೆಲವು ಔಷಧಗಳನ್ನು ವೈದ್ಯರ ಚೀಟಿಯಿಲ್ಲದೆ ಏಕೆ ನೀಡಬಾರದು, ಅವುಗಳ ಮಾರಾಟವನ್ನು ಪ್ರತ್ಯೇಕ ವಹಿಯಲ್ಲಿ ಏಕೆ ದಾಖಲಿಸಬೇಕು ಎಂಬ ಪ್ರಶ್ನೆ ಅನೇಕರಲ್ಲಿದೆ. ಇದಕ್ಕೆ ಉತ್ತರವನ್ನು ನಿಯಮಗಳಿಗಿಂತ ಈ ವಿಜ್ಞಾನಿಯ ಜೀವನವೇ ಹೆಚ್ಚು ಸ್ಪಷ್ಟವಾಗಿ ನೀಡುತ್ತದೆ.

ಅಲೆಕ್ಸಾಂಡರ್ ಫ್ಲೆಮಿಂಗ್ ಅವರು 1881ರ ಆಗಸ್ಟ್ 6ರಂದು ಸ್ಕಾಟ್ಲೆಂಡಿನ ಡಾರ್ವೆಲ್ ಊರಿನ ಸಮೀಪದ ಲಾಕ್‌ಫೀಲ್ಡ್ ಎಂಬ ಹೊಲಮನೆಯಲ್ಲಿ ಕೃಷಿಕ ಕುಟುಂಬದಲ್ಲಿ ಜನಿಸಿದರು. ಏಳನೆಯ ವಯಸ್ಸಿನಲ್ಲಿ ತಂದೆಯನ್ನು ಕಳೆದುಕೊಂಡರು. ಬಾಲ್ಯ ಕಳೆಯುತ್ತಿದ್ದಂತೆ ಲಂಡನ್ನಿಗೆ ತೆರಳಿ, ಅಲ್ಲಿ ವಿದ್ಯಾಭ್ಯಾಸ ಮಾಡಿ, ಹಡಗು ಕಂಪನಿಯೊಂದರ ಕಚೇರಿಯಲ್ಲಿ ನಾಲ್ಕು ವರ್ಷ ಗುಮಾಸ್ತರಾಗಿ ದುಡಿದರು. ಚಿಕ್ಕಪ್ಪನ ಆಸ್ತಿಯಿಂದ 250 ಪೌಂಡ್ ಪಾಲು ಕೈಸೇರದೆ ಹೋಗಿದ್ದರೆ ಅವರು ಬಹುಶಃ ಅದೇ ಮೇಜಿನಲ್ಲಿಯೇ ನಿವೃತ್ತರಾಗುತ್ತಿದ್ದರು. ಆ ಹಣದ ನೆರವಿನಿಂದ ಲಂಡನ್ನಿನ ಸೇಂಟ್ ಮೇರಿ ಆಸ್ಪತ್ರೆಯ ವೈದ್ಯಕೀಯ ಶಾಲೆಯನ್ನು ಸೇರಿ, 1906ರಲ್ಲಿ ಪದವಿ ಪಡೆದರು. ಅವರು ಉತ್ತಮ ಗುರಿಕಾರರಾಗಿದ್ದರು. ಆಸ್ಪತ್ರೆಯ ಬಂದೂಕು ತಂಡದಲ್ಲಿ ಅವರನ್ನು ಉಳಿಸಿಕೊಳ್ಳುವ ಉದ್ದೇಶದಿಂದಲೇ ಸರ್ ಆಲ್ಮ್ರೋತ್ ರೈಟ್ ಅವರ ಪ್ರಯೋಗಾಲಯದಲ್ಲಿ ಕೆಲಸ ಕೊಡಿಸಲಾಯಿತೆಂದು ಹೇಳಲಾಗುತ್ತದೆ.

ಮೊದಲ ಮಹಾಯುದ್ಧದ ಕಾಲದಲ್ಲಿ ಸೇನಾ ವೈದ್ಯರಾಗಿ ಫ್ರಾನ್ಸಿನಲ್ಲಿದ್ದ ಅವರು, ಗುಂಡೇಟಿಗಿಂತ ಗಾಯದ ಸೋಂಕಿನಿಂದ ಸೈನಿಕರು ಸಾಯುವುದನ್ನು ಕಣ್ಣಾರೆ ಕಂಡರು. ಆಗ ಬಳಕೆಯಲ್ಲಿದ್ದ ನಂಜುನಿವಾರಕ ದ್ರಾವಣಗಳು ಆಳವಾದ ಗಾಯದ ಸಂದುಗಳನ್ನು ತಲುಪುವುದಿಲ್ಲವೆಂದೂ, ರೋಗಾಣುಗಳಿಗಿಂತ ಹೆಚ್ಚಾಗಿ ರಕ್ತದ ಬಿಳಿಕಣಗಳಿಗೇ ಹಾನಿ ಮಾಡುತ್ತವೆಂದೂ ಗಾಜಿನಲ್ಲಿ ಕೃತಕ ಗಾಯವೊಂದನ್ನು ತಯಾರಿಸಿ ತೋರಿಸಿದರು. ದೇಹಕ್ಕೆ ಕೇಡು ಮಾಡದೆ ರೋಗಾಣುವನ್ನು ಮಾತ್ರ ಕೊಲ್ಲುವ ವಸ್ತುವಿನ ಶೋಧವು ಅಲ್ಲಿಂದ ಅವರ ಬೆನ್ನುಹತ್ತಿತು. 1922ರಲ್ಲಿ ಕಣ್ಣೀರು, ಲೋಳೆ ಮೊದಲಾದವುಗಳಲ್ಲಿರುವ ಲೈಸೋಜೈಮ್ ಎಂಬ ಕಿಣ್ವದ ಕುರಿತು ಪ್ರಕಟಿಸಿದರು. ಅಪಾಯಕಾರಿ ರೋಗಾಣುಗಳ ಮೇಲೆ ಅದರ ಪ್ರಭಾವ ಅಲ್ಪವಾಗಿತ್ತು.

1928ರ ಸೆಪ್ಟೆಂಬರ್ ತಿಂಗಳಲ್ಲಿ ರಜೆ ಮುಗಿಸಿ ಹಿಂದಿರುಗಿದಾಗ, ಸ್ಟೆಫೈಲೋಕಾಕಸ್ ರೋಗಾಣುಗಳನ್ನು ಬೆಳೆಸಿದ್ದ ಗಾಜಿನ ತಟ್ಟೆಯೊಂದರಲ್ಲಿ ಬೂಷ್ಟು ಹಿಡಿದಿರುವುದನ್ನೂ, ಬೂಷ್ಟಿನ ಸುತ್ತಲಿನ ರೋಗಾಣುಗಳು ಕರಗಿರುವುದನ್ನೂ ಗಮನಿಸಿದರು. ಬೂಷ್ಟು ಸ್ರವಿಸುವ ವಸ್ತುವಿಗೆ ಪೆನಿಸಿಲಿನ್ ಎಂಬ ಹೆಸರನ್ನಿಟ್ಟು 1929ರಲ್ಲಿ ಪ್ರಬಂಧ ಪ್ರಕಟಿಸಿದರು. ಆದರೆ ಅದನ್ನು ಶುದ್ಧರೂಪದಲ್ಲಿ ಬೇರ್ಪಡಿಸಲು ಅವರ ಪ್ರಯೋಗಾಲಯಕ್ಕೆ ಸಾಧ್ಯವಾಗಲಿಲ್ಲ. ಸುಮಾರು ಹತ್ತು ವರ್ಷಗಳ ಕಾಲ ಪೆನಿಸಿಲಿನ್ ಪ್ರಯೋಗಾಲಯದ ಒಂದು ಉಪಯುಕ್ತ ವಸ್ತುವಾಗಿಯೇ ಉಳಿಯಿತು.

ಅದನ್ನು ಔಷಧವನ್ನಾಗಿ ಮಾಡಿದವರು ಆಕ್ಸ್‌ಫರ್ಡಿನ ಹೊವಾರ್ಡ್ ಫ್ಲೋರಿ, ಅರ್ನ್ಸ್ಟ್ ಚೈನ್, ನಾರ್ಮನ್ ಹೀಟ್ಲಿ ಮತ್ತು ಅವರ ತಂಡದವರು. ಫ್ಲೆಮಿಂಗ್ ಅವರ ಕೀರ್ತಿಯ ಮುಂದೆ ಈ ಹೆಸರುಗಳು ಮಂಕಾಗಿರುವುದು ನ್ಯಾಯವಲ್ಲ. 1940ರ ಮೇ 25ರಂದು ಅವರು ಎಂಟು ಇಲಿಗಳಿಗೆ ಮಾರಕ ರೋಗಾಣುಗಳನ್ನು ಚುಚ್ಚಿ, ನಾಲ್ಕಕ್ಕೆ ಮಾತ್ರ ಪೆನಿಸಿಲಿನ್ ನೀಡಿದರು. ಮರುದಿನ ಬೆಳಗಿನ ವೇಳೆಗೆ ಔಷಧ ಪಡೆದ ನಾಲ್ಕು ಬದುಕಿದ್ದವು. ಉಳಿದ ನಾಲ್ಕು ಸತ್ತಿದ್ದವು. 1941ರ ಫೆಬ್ರವರಿಯಲ್ಲಿ ಮುಖದ ಸೋಂಕಿನಿಂದ ಒಂದು ಕಣ್ಣನ್ನು ಕಳೆದುಕೊಂಡು ಸಾವಿನಂಚಿನಲ್ಲಿದ್ದ ಪೊಲೀಸ್ ಸಿಬ್ಬಂದಿಯೊಬ್ಬರಿಗೆ ಔಷಧ ನೀಡಲಾಯಿತು. ಒಂದು ದಿನದಲ್ಲಿಯೇ ಚೇತರಿಕೆ ಕಂಡುಬಂದಿತು. ಆದರೆ ದಾಸ್ತಾನು ಅತ್ಯಲ್ಪವಾಗಿತ್ತು. ರೋಗಿಯ ಮೂತ್ರದಿಂದ ಪೆನಿಸಿಲಿನ್ನನ್ನು ಪುನಃ ಬೇರ್ಪಡಿಸಿ ಅವರಿಗೇ ಚುಚ್ಚಲಾಯಿತು. ಅದೂ ಐದು ದಿನಗಳಲ್ಲಿ ಮುಗಿಯಿತು. ಸೋಂಕು ಮರುಕಳಿಸಿ ಮಾರ್ಚ್ 15ರಂದು ಅವರು ಮರಣ ಹೊಂದಿದರು. ಚಿಕಿತ್ಸೆ ಅರ್ಧಕ್ಕೆ ನಿಂತರೆ ಏನಾಗುತ್ತದೆ ಎಂಬುದು ಹೀಗೆ ಮೊದಲ ರೋಗಿಯಲ್ಲಿಯೇ ಕಂಡುಬಂದಿತು. ವ್ಯತ್ಯಾಸವಿಷ್ಟೆ: ಅಂದು ಔಷಧವಿರಲಿಲ್ಲ, ಇಂದು ಔಷಧವಿದ್ದೂ ಜ್ವರ ಇಳಿದೊಡನೆ ಉಳಿದ ಮಾತ್ರೆಗಳನ್ನು ಪೆಟ್ಟಿಗೆಯಲ್ಲಿಡಲಾಗುತ್ತದೆ.

ಅಮೆರಿಕದ ನೆರವಿನಿಂದ ಉತ್ಪಾದನೆ ಹೆಚ್ಚಿ, 1944ರ ವೇಳೆಗೆ ಮಿತ್ರರಾಷ್ಟ್ರಗಳ ಸೇನೆಗೆ ಪೆನಿಸಿಲಿನ್ ಧಾರಾಳವಾಗಿ ದೊರೆಯಿತು. ಅದೇ ವರ್ಷ ಫ್ಲೆಮಿಂಗ್ ಅವರಿಗೆ ಸರ್ ಪದವಿಯೂ, 1945ರಲ್ಲಿ ಫ್ಲೋರಿ ಮತ್ತು ಚೈನ್ ಅವರೊಂದಿಗೆ ನೊಬೆಲ್ ಪ್ರಶಸ್ತಿಯೂ ಲಭಿಸಿದವು. ಫ್ಲೆಮಿಂಗ್ ಅವರ ತಂದೆ ಬಾಲಕ ಚರ್ಚಿಲ್‌ರನ್ನು ಕೆಸರಿನಿಂದ ರಕ್ಷಿಸಿದರೆಂದೂ, ಮುಂದೆ ಪೆನಿಸಿಲಿನ್ನಿನಿಂದ ಚರ್ಚಿಲ್ ಬದುಕಿದರೆಂದೂ ಹೇಳುವ ಕಥೆ ಇಂದಿಗೂ ಮೊಬೈಲ್ ಸಂದೇಶಗಳಲ್ಲಿ ಹರಿದಾಡುತ್ತಿದೆ. ಅದು ಸತ್ಯವಲ್ಲ. 1943ರಲ್ಲಿ ಚರ್ಚಿಲ್ ಅವರ ನ್ಯುಮೋನಿಯಾಗೆ ನೀಡಿದ್ದು ಸಲ್ಫಾ ಔಷಧ.

1945ರ ಡಿಸೆಂಬರ್ 11ರಂದು ಸ್ಟಾಕ್‌ಹೋಮಿನಲ್ಲಿ ನೀಡಿದ ನೊಬೆಲ್ ಉಪನ್ಯಾಸದ ಕೊನೆಯಲ್ಲಿ ಫ್ಲೆಮಿಂಗ್ ಒಂದು ಕಲ್ಪಿತ ಪ್ರಸಂಗವನ್ನು ಮುಂದಿಟ್ಟರು. ಗಂಟಲು ನೋವಿರುವ ಗೃಹಸ್ಥನೊಬ್ಬನು ತಾನೇ ಪೆನಿಸಿಲಿನ್ ಖರೀದಿಸಿ, ರೋಗಾಣುಗಳನ್ನು ಕೊಲ್ಲಲು ಸಾಲದಷ್ಟು, ಆದರೆ ಅವುಗಳಿಗೆ ಪ್ರತಿರೋಧ ಕಲಿಸಲು ಸಾಕಾಗುವಷ್ಟು ಪ್ರಮಾಣವನ್ನು ಸೇವಿಸುತ್ತಾನೆ. ಪ್ರತಿರೋಧ ಪಡೆದ ಆ ರೋಗಾಣುಗಳು ಅವನ ಪತ್ನಿಗೆ ಹರಡಿ, ಅವಳಿಗೆ ನ್ಯುಮೋನಿಯಾ ಉಂಟಾಗುತ್ತದೆ. ಈಗ ಪೆನಿಸಿಲಿನ್ ಫಲಿಸುವುದಿಲ್ಲ, ಅವಳು ಸಾಯುತ್ತಾಳೆ. ತಪ್ಪು ಮಾಡಿದವನೊಬ್ಬ, ಪ್ರಾಣ ತೆತ್ತವಳು ಇನ್ನೊಬ್ಬಳು. ಈ ಪ್ರಸಂಗದ ತಿರುಳು ಇಲ್ಲಿಯೇ ಇದೆ. ತನ್ನ ಔಷಧ, ತನ್ನ ದೇಹ ಎಂಬ ವಾದವು ಸೋಂಕು ರೋಗಗಳಿಗೆ ಅನ್ವಯಿಸುವುದಿಲ್ಲ.

ಅವರ ಭಯ ಶೀಘ್ರವೇ ನಿಜವಾಯಿತು. ಕೆಲವು ಬ್ಯಾಕ್ಟೀರಿಯಾಗಳು ಪೆನಿಸಿಲಿನ್ನನ್ನು ಒಡೆದುಹಾಕುವ ಕಿಣ್ವವನ್ನು ಉತ್ಪಾದಿಸುತ್ತವೆಂದು ಚೈನ್ ಮತ್ತು ಎಡ್ವರ್ಡ್ ಏಬ್ರಹಾಂ ಅವರು 1940ರಲ್ಲಿಯೇ, ಮೇಲೆ ತಿಳಿಸಿದ ರೋಗಿಗೆ ಔಷಧ ನೀಡುವ ಮೊದಲೇ, ಪ್ರಕಟಿಸಿದ್ದರು. ಔಷಧವು ದುರ್ಬಲ ರೋಗಾಣುಗಳನ್ನು ಕೊಂದಾಗ ಇಂತಹ ಸಾಮರ್ಥ್ಯವುಳ್ಳವು ಮಾತ್ರ ಉಳಿದು ವೃದ್ಧಿಯಾಗುತ್ತವೆ. ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಮೇರಿ ಬಾರ್ಬರ್ ಅವರು ನಡೆಸಿದ ಪರೀಕ್ಷೆಗಳಲ್ಲಿ, 1948ರ ವೇಳೆಗೆ ಸ್ಟೆಫೈಲೋಕಾಕಸ್ ಮಾದರಿಗಳ ಪೈಕಿ ಅರ್ಧಕ್ಕಿಂತ ಹೆಚ್ಚು ಪೆನಿಸಿಲಿನ್ನಿಗೆ ಬಗ್ಗದವಾಗಿದ್ದವು. ಬ್ರಿಟನ್ ದೇಶವು 1947ರಲ್ಲಿಯೇ ಕಾಯ್ದೆಯ ಮೂಲಕ ವೈದ್ಯರ ಚೀಟಿಯಿಲ್ಲದ ಪೆನಿಸಿಲಿನ್ ಮಾರಾಟವನ್ನು ನಿರ್ಬಂಧಿಸಿತು. ಪ್ರತಿರೋಧವನ್ನು ಮೀರಲೆಂದು 1959ರಲ್ಲಿ ಬಂದ ಮೆಥಿಸಿಲಿನ್ನಿಗೂ ಎರಡು ವರ್ಷಗಳೊಳಗೆ ಪ್ರತಿರೋಧ ವರದಿಯಾಯಿತು. ಅದನ್ನು ಕಾಣಲು ಫ್ಲೆಮಿಂಗ್ ಇರಲಿಲ್ಲ. 1955ರ ಮಾರ್ಚ್ 11ರಂದು ಅವರು ಲಂಡನ್ನಿನಲ್ಲಿ ಹೃದಯಾಘಾತದಿಂದ ನಿಧನರಾದರು. ಅವರ ಚಿತಾಭಸ್ಮವನ್ನು ಸೇಂಟ್ ಪಾಲ್ ಕೆಥೆಡ್ರಲ್‌ನಲ್ಲಿ ಇರಿಸಲಾಗಿದೆ. ಅದೇ ವರ್ಷ ಪುಣೆ ಸಮೀಪದ ಪಿಂಪ್ರಿಯ ಹಿಂದೂಸ್ತಾನ್ ಆ್ಯಂಟಿಬಯೋಟಿಕ್ಸ್ ಕಾರ್ಖಾನೆಯಲ್ಲಿ ಪೆನಿಸಿಲಿನ್ ಉತ್ಪಾದನೆ ಆರಂಭವಾಯಿತು. ಬೆಂಗಳೂರಿನಲ್ಲಿ ಕರ್ನಾಟಕ ಆ್ಯಂಟಿಬಯೋಟಿಕ್ಸ್ ಅಂಡ್ ಫಾರ್ಮಾಸ್ಯುಟಿಕಲ್ಸ್ ಸಂಸ್ಥೆಯು 1981ರಲ್ಲಿ ಸ್ಥಾಪನೆಯಾಯಿತು.

ಫ್ಲೆಮಿಂಗ್ ಅವರ ಎಚ್ಚರಿಕೆಗೆ ಜಗತ್ತು ಒಟ್ಟಾಗಿ ಕಿವಿಗೊಡಲು 70 ವರ್ಷಗಳು ಬೇಕಾದವು. 2015ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಭೆಯು ಜಾಗತಿಕ ಕ್ರಿಯಾ ಯೋಜನೆಯನ್ನು ಅಂಗೀಕರಿಸಿತು. 2016ರಲ್ಲಿ ವಿಶ್ವಸಂಸ್ಥೆಯ ಮಹಾಸಭೆಯು ಈ ವಿಷಯವಾಗಿ ಉನ್ನತ ಮಟ್ಟದ ಸಭೆ ನಡೆಸಿತು. 2022ರಲ್ಲಿ ಪ್ರಕಟವಾದ ಅಂದಾಜಿನಂತೆ 2019ರ ಒಂದೇ ವರ್ಷದಲ್ಲಿ ಬ್ಯಾಕ್ಟೀರಿಯಾಗಳ ಔಷಧ ಪ್ರತಿರೋಧದಿಂದ ನೇರವಾಗಿ 12.7 ಲಕ್ಷ ಸಾವುಗಳು ಸಂಭವಿಸಿದ್ದು, ಪ್ರತಿರೋಧದೊಂದಿಗೆ ಸಂಬಂಧವುಳ್ಳ ಸಾವುಗಳ ಸಂಖ್ಯೆ 49.5 ಲಕ್ಷ. ಈ ಎರಡನೆಯ ಸಂಖ್ಯೆಯನ್ನು 2030ರೊಳಗೆ ಶೇ. 10ರಷ್ಟು ತಗ್ಗಿಸುವ ಗುರಿಗೆ 2024ರ ಸೆಪ್ಟೆಂಬರ್‌ನಲ್ಲಿ ನಡೆದ ವಿಶ್ವಸಂಸ್ಥೆಯ ಸಭೆಯಲ್ಲಿ ರಾಷ್ಟ್ರಗಳು ಒಪ್ಪಿಗೆ ನೀಡಿದವು. ಇದು ದೊಡ್ಡ ಗುರಿಯೇನಲ್ಲ. ಆದರೂ ಲೆಕ್ಕವಿಡಬಹುದಾದ ಗುರಿ. ಭಾರತವು 2017ರಲ್ಲಿ ರಾಷ್ಟ್ರೀಯ ಕ್ರಿಯಾ ಯೋಜನೆಯನ್ನು ಪ್ರಕಟಿಸಿತು. ಮನುಷ್ಯರಿಗೆ ಕೊನೆಯ ಆಸರೆಯಾದ ಕೊಲಿಸ್ಟಿನ್ ಔಷಧವನ್ನು ಕೋಳಿ ಸಾಕಣೆ ಹಾಗೂ ಪಶು ಆಹಾರದಲ್ಲಿ ಬಳಸುವುದನ್ನು 2019ರಲ್ಲಿ ನಿಷೇಧಿಸಲಾಯಿತು.

ಔಷಧ ಅಂಗಡಿಯ ಮಟ್ಟದಲ್ಲಿ ಈ ಪ್ರಯತ್ನದ ರೂಪವೇ ಎಚ್-1 ಅನುಸೂಚಿ. 2013ರಲ್ಲಿ ಅಧಿಸೂಚಿಸಲಾದ ಇದು 2014ರ ಮಾರ್ಚ್ 1ರಿಂದ ಜಾರಿಗೆ ಬಂದಿತು. ಈ ಅನುಸೂಚಿಯಲ್ಲಿನ ಔಷಧಗಳನ್ನು ನೋಂದಾಯಿತ ವೈದ್ಯರ ಚೀಟಿಯ ಮೇರೆಗೆ ಮಾತ್ರ ನೀಡಬೇಕು. ವೈದ್ಯರ ಹೆಸರು ಮತ್ತು ವಿಳಾಸ, ರೋಗಿಯ ಹೆಸರು, ಔಷಧದ ಹೆಸರು ಹಾಗೂ ನೀಡಿದ ಪ್ರಮಾಣವನ್ನು ಪ್ರತ್ಯೇಕ ವಹಿಯಲ್ಲಿ ನಮೂದಿಸಿ, ಆ ವಹಿಯನ್ನು ಮೂರು ವರ್ಷಗಳ ಕಾಲ ಪರಿಶೀಲನೆಗೆ ದೊರೆಯುವಂತೆ ಇರಿಸತಕ್ಕದ್ದು.