ಬ್ಯಾಂಕಿನ ಬಾಗಿಲು ಮುಚ್ಚಿದ್ದವರಿಗೆ ಖಾತೆ ತೆರೆದ ರೈಫೈಸನ್



ಬೆಳ್ಳಿಹಬ್ಬದ ಈ ಸಂಚಿಕೆಗೆ ಸಹಕಾರ ರಂಗದ ಹಿರಿಯರೊಬ್ಬರ ಜೀವನವನ್ನು ಬರೆದುಕೊಡಬೇಕೆಂದು ಸಂಪಾದಕ ಸಮಿತಿಯವರು ಕೇಳಿಕೊಂಡಾಗ, ನಮ್ಮ ಕಣ್ಣ ಮುಂದೆ ಬಂದದ್ದು ಸಂಘದ ಕೌಂಟರಿನ ಎದುರು ತಲೆತಗ್ಗಿಸಿ ನಿಲ್ಲುವ ರೈತ. ಅವನು ಎಂದೋ ಯಾವುದೋ ಬ್ಯಾಂಕಿನಲ್ಲಿ ಸಾಲ ಎತ್ತಿರುತ್ತಾನೆ. ಮಳೆ ಕೈಕೊಟ್ಟು ಕಂತು ನಿಂತಿರುತ್ತದೆ, ಹೆಸರು ಸುಸ್ತಿದಾರರ ಪಟ್ಟಿಗೆ ಸೇರಿರುತ್ತದೆ. ಹೊಸದಾಗಿ ಒಂದು ಖಾತೆ ಮಾಡಿಸಿ ಚೆಕ್‌ಬುಕ್ ಪಡೆಯೋಣವೆಂದರೆ ಹಳೆಯ ಲೆಡ್ಜರಿನ ನೆನಪು ಕಾಲು ಹಿಡಿದು ಎಳೆಯುತ್ತದೆ. ಇಂಥವನಿಗೆ ಸದಸ್ಯತ್ವ ಕೊಡಬೇಕೋ ಬೇಡವೋ ಎಂದು ನಮ್ಮ ಆಡಳಿತ ಮಂಡಳಿಯಲ್ಲಿ ರಾತ್ರಿ ಹತ್ತರವರೆಗೂ ವಾದ ನಡೆದದ್ದುಂಟು. ಈ ವಾದ ಇಂದಿನದಲ್ಲ. ಜರ್ಮನಿಯ ಒಂದು ಗುಡ್ಡಗಾಡು ಸೀಮೆಯಲ್ಲಿ ಇದನ್ನೇ ತಲೆಗೆ ಹಚ್ಚಿಕೊಂಡು ಬದುಕು ಸವೆಸಿದ ಒಬ್ಬ ಪುಣ್ಯಾತ್ಮರಿದ್ದರು. ಅವರೇ ಫ್ರೀಡ್ರಿಶ್ ವಿಲ್‌ಹೆಲ್ಮ್ ರೈಫೈಸನ್.

ಅವರು ಹುಟ್ಟಿದ್ದು 1818ರ ಮಾರ್ಚ್ 30ರಂದು, ಜೀಗ್ ನದಿಯ ದಂಡೆಯ ಹಾಮ್ ಎಂಬ ಊರಿನಲ್ಲಿ. ಒಂಬತ್ತು ಮಕ್ಕಳ ಮನೆ. ತಂದೆ ಕೆಲಕಾಲ ಅದೇ ಊರಿನ ಮೇಯರ್ ಆಗಿದ್ದರೂ ಮನೆಯಲ್ಲಿ ಅನುಕೂಲವಿರಲಿಲ್ಲ. ದೊಡ್ಡ ಶಾಲೆಗೆ ಕಳಿಸುವಷ್ಟು ಶಕ್ತಿಯಿಲ್ಲದ್ದರಿಂದ ಊರಿನ ಪಾದ್ರಿಗಳೇ ಹುಡುಗನಿಗೆ ಪಾಠ ಹೇಳಿಕೊಟ್ಟರು. 17ನೇ ವಯಸ್ಸಿಗೆ ಸೈನ್ಯ ಸೇರಿ ಫಿರಂಗಿ ದಳದಲ್ಲಿ ದುಡಿದರು. ಆದರೆ ಕಣ್ಣಿನ ಬೇನೆ ಶುರುವಾಗಿ 1843ರಲ್ಲಿ ಆ ನೌಕರಿ ಬಿಡಬೇಕಾಯಿತು. ಬಳಿಕ ಸರಕಾರಿ ಕಚೇರಿಯ ಕೆಲಸ. 1845ರಲ್ಲಿ ವೆಸ್ಟರ್‌ವಾಲ್ಡ್ ಪ್ರದೇಶದ ವೇಯರ್‌ಬುಶ್ ಎಂಬ ಹಳ್ಳಿಗುಂಪಿಗೆ ಮೇಯರ್ ಆದರು. ಆಗ ಅವರಿನ್ನೂ ತರುಣರು.

ಹೋಗಿ ಒಂದು ವರ್ಷ ಆಗಿತ್ತೋ ಇಲ್ಲವೋ, ಬರ ಬಂತು. 1846ರಲ್ಲಿ ಬೆಳೆ ಹೋಯಿತು, ಆಲೂಗಡ್ಡೆಗೆ ರೋಗ ಬಡಿಯಿತು. ಚಳಿಗಾಲಕ್ಕೆ ಜನರ ಮನೆಯಲ್ಲಿ ಹಿಟ್ಟಿಲ್ಲ. ಸರಕಾರ ಹಿಟ್ಟು ಕಳಿಸಿತು ನಿಜ, ಆದರೆ ರೊಕ್ಕ ಎಣಿಸಿದವರಿಗೆ ಮಾತ್ರ ಕೊಡಬೇಕೆಂಬ ಆಜ್ಞೆಯೂ ಜೊತೆಗೇ ಬಂತು. ರೊಕ್ಕ ಇದ್ದವನು ಸರಕಾರದ ಹಿಟ್ಟಿಗೆ ಯಾಕೆ ಬರುತ್ತಾನೆ? ರೈಫೈಸನ್ನರು ಆ ಆಜ್ಞೆಯನ್ನು ಬದಿಗಿಟ್ಟು ಉದ್ದರಿ ಕೊಟ್ಟರು. ಉಳ್ಳವರಿಂದ ಹಣ ಕೂಡಿಸಿ ಧಾನ್ಯ ತರಿಸಿದರು, ಊರಿನಲ್ಲೇ ಬ್ರೆಡ್ ಸುಡುವ ಒಲೆಮನೆ ಕಟ್ಟಿಸಿದರು. ಪೇಟೆಯ ಅರ್ಧದಷ್ಟು ದರಕ್ಕೆ ಬ್ರೆಡ್ ಸಿಕ್ಕಿತು. ಕೈಯಲ್ಲಿ ಕಾಸಿಲ್ಲದವರು ಬರೆದುಕೊಟ್ಟು ಒಯ್ದು ಸುಗ್ಗಿಯ ಮೇಲೆ ತೀರಿಸುವ ಏರ್ಪಾಡು. ಕಾಗದದ ಮೇಲೆ ಯಾವ ಯೋಗ್ಯತೆಯೂ ಇಲ್ಲದ ಬಡವನನ್ನು ನಂಬುವುದು ಇಲ್ಲಿಂದ ಶುರುವಾಯಿತೆನ್ನಬೇಕು.

1848ರಲ್ಲಿ ಫ್ಲಾಮರ್ಸ್‌ಫೆಲ್ಡಿಗೆ ವರ್ಗವಾಯಿತು. ಅಲ್ಲಿ ಕಂಡದ್ದು ಇನ್ನೊಂದು ಬಗೆಯ ಸಂಕಟ, ನಮ್ಮ ಹಿರಿಯರಿಗೆ ಚೆನ್ನಾಗಿ ಗೊತ್ತಿದ್ದ ಸಂಕಟವೇ. ದನದ ವ್ಯಾಪಾರಿ ಆಕಳನ್ನು ಸಾಲದ ಮೇಲೆ ಕೊಡುತ್ತಿದ್ದ. ಕಂತು ತಪ್ಪಿತೋ, ಹಗ್ಗ ಬಿಚ್ಚಿಕೊಂಡು ಹೊಡೆದುಕೊಂಡು ಹೋಗುತ್ತಿದ್ದ. ಕಟ್ಟಿದ ದುಡ್ಡೂ ಇಲ್ಲ, ಆಕಳೂ ಇಲ್ಲ. ಅಂಥ ರೈತನಿಗೆ ಪೇಟೆಯ ಬ್ಯಾಂಕಿನಲ್ಲಿ ಯಾರು ಮುಖ ಕೊಡುತ್ತಾರೆ? ರೈಫೈಸನ್ನರು 1849ರ ಕೊನೆಯಲ್ಲಿ ಊರಿನ ಸುಮಾರು 60 ಮಂದಿ ಸ್ಥಿತಿವಂತರನ್ನು ಸೇರಿಸಿ ಒಂದು ಸಹಾಯಕ ಸಂಘ ಮಾಡಿದರು. ಅವರೆಲ್ಲರೂ ತಮ್ಮ ಆಸ್ತಿಯನ್ನೇ ಹೊಣೆಗಿಟ್ಟು ಹಣ ತಂದರು. ಸಂಘವು ಆಕಳು ಕೊಂಡು ಬಡ ರೈತರಿಗೆ ಕೊಟ್ಟಿತು, ಐದು ವರ್ಷಗಳ ಕಂತಿನಲ್ಲಿ ತೀರಿಸಲು ಅವಕಾಶ ಮಾಡಿತು.

ಇಷ್ಟಕ್ಕೇ ಕಥೆ ಮುಗಿದಿದ್ದರೆ ಅವರು ಒಬ್ಬ ದಯಾವಂತ ಅಧಿಕಾರಿ ಎನಿಸಿಕೊಳ್ಳುತ್ತಿದ್ದರು, ಅಷ್ಟೇ. 1852ರಲ್ಲಿ ಹೆಡ್ಡೆಸ್‌ಡೋರ್ಫಿಗೆ ಬಂದ ಮೇಲೆ 1854ರಲ್ಲಿ ಅಲ್ಲೂ ಒಂದು ಧರ್ಮಾರ್ಥ ಸಂಘ ಕಟ್ಟಿದರು. ದಿಕ್ಕಿಲ್ಲದ ಮಕ್ಕಳ ಪೋಷಣೆ, ಜೈಲಿನಿಂದ ಬಿಡುಗಡೆಯಾದವರಿಗೆ ಕೆಲಸ, ರೈತರಿಗೆ ಸಾಲ, ಹೀಗೆ ಎಲ್ಲವನ್ನೂ ಅದು ಹೊತ್ತುಕೊಂಡಿತು. ಜೈಲು ಕಂಡು ಬಂದವನಿಗಿಂತ ಕೆಟ್ಟ ಹೆಸರು ಇನ್ನಾರಿಗಿದ್ದೀತು! ಅಂಥವನನ್ನೂ ಬಿಡಲಿಲ್ಲವೆಂಬುದನ್ನು ನಾವು ಇಲ್ಲಿ ಬೇಕೆಂದೇ ಎತ್ತಿ ಹೇಳುತ್ತಿದ್ದೇವೆ. ಆದರೆ ವರ್ಷಗಳು ಕಳೆದಂತೆ ಉಳ್ಳವರ ಉತ್ಸಾಹ ಇಳಿಯಿತು. ಸಾಲ ಪಡೆಯುವವನು ಒಬ್ಬ, ಹೊಣೆ ಹೊರುವವನು ಇನ್ನೊಬ್ಬ ಎಂದಾದರೆ ಎಷ್ಟು ದಿನ ನಡೆದೀತು? ಒಂದೊಂದೇ ಕೆಲಸ ನಿಂತು ಹೋಗಿ ಕೊನೆಗೆ ಸಾಲದ ವ್ಯವಹಾರವೊಂದೇ ಉಳಿಯಿತು.

ರೈಫೈಸನ್ನರಿಗೆ ಇದು ಕಹಿಯಾದ ಪಾಠ. ತಾವು ನೆಚ್ಚಿಕೊಂಡಿದ್ದ ದಾನಧರ್ಮದ ದಾರಿ ಸಾಲದು ಎಂಬುದನ್ನು ಒಪ್ಪಿಕೊಳ್ಳಲು ಅವರಿಗೆ ಸುಲಭವಾಗಲಿಲ್ಲ. ಪಟ್ಟಣದ ಕುಶಲಕರ್ಮಿಗಳಿಗಾಗಿ ಸ್ವಸಹಾಯದ ಸಂಘಗಳನ್ನು ನಡೆಸುತ್ತಿದ್ದ ಶುಲ್ಜೆ ಡೆಲಿಚ್ ಅವರ ವಿಚಾರಗಳೂ ಕಣ್ಣು ತೆರೆಸಿದವು. 1864ರಲ್ಲಿ ಹೆಡ್ಡೆಸ್‌ಡೋರ್ಫಿನ ಸಂಘವನ್ನು ಸಾಲ ನಿಧಿ ಸಂಘವಾಗಿ ಮಾರ್ಪಡಿಸಿದರು. ಇನ್ನು ಮುಂದೆ ಸಾಲ ಬೇಕಾದವನು ತಾನೇ ಸದಸ್ಯನಾಗಬೇಕು, ತಾನೇ ಹೊಣೆ ಹೊರಬೇಕು.

ಇದರ ಒಳಗುಟ್ಟು ಸದಸ್ಯರು ತಿಳಿಯತಕ್ಕದ್ದು. ಒಬ್ಬೊಬ್ಬನೇ ಹೋದರೆ ಬಡ ರೈತನ ಸಹಿಗೆ ಬೆಲೆಯಿಲ್ಲ. ಊರಿನವರೆಲ್ಲ ಸೇರಿ, ಒಬ್ಬ ತಪ್ಪಿದರೆ ಉಳಿದವರ ಹೊಲ ಮನೆ ಎಲ್ಲವೂ ಜವಾಬು ಎಂದು ಬರೆದುಕೊಟ್ಟರೆ ಹೊರಗಿನವನು ಧೈರ್ಯವಾಗಿ ಠೇವಣಿ ಇಡುತ್ತಾನೆ. ಇದನ್ನೇ ಅಪರಿಮಿತ ಹೊಣೆ ಎನ್ನುವುದು. ಆದ್ದರಿಂದಲೇ ಸಂಘದ ವ್ಯಾಪ್ತಿ ಒಂದು ಊರು, ಹೆಚ್ಚೆಂದರೆ ಅಕ್ಕಪಕ್ಕದ ಹಳ್ಳಿಗಳನ್ನು ಮೀರಬಾರದೆಂದು ಅವರು ಹಠ ಹಿಡಿದರು. ಯಾವನು ಕುಡುಕ, ಯಾವನು ಕಾಯಿಲೆ ಬಿದ್ದು ಸೋತವನು ಎಂಬುದು ನೆರೆಯವನಿಗೆ ಗೊತ್ತಿರುತ್ತದೆ. ಬ್ಯಾಂಕಿನ ಲೆಡ್ಜರಿಗೆ ಇಬ್ಬರೂ ಒಂದೇ, ಬರೀ ಸುಸ್ತಿದಾರರು. ಸಾಲ ಯಾತಕ್ಕೆ ಎಂದು ಕೇಳಿಯೇ ಕೊಡುತ್ತಿದ್ದರು. ಆಕಳಿಗೆಂದು ಪಡೆದವನ ಕೊಟ್ಟಿಗೆಯಲ್ಲಿ ಆಕಳು ಇದೆಯೋ ಇಲ್ಲವೋ ಎಂದು ನೋಡುವ ಕಣ್ಣುಗಳು ಊರ ತುಂಬ ಇದ್ದವು. ಪದಾಧಿಕಾರಿಗಳಿಗೆ ಸಂಬಳವಿಲ್ಲ, ಲೆಕ್ಕ ಬರೆಯುವವನಿಗೆ ಮಾತ್ರ ಉಂಟು. ಲಾಭ ಹಂಚುವಂತಿಲ್ಲ, ಅದು ನಿಧಿಗೆ. ಬಡವ ಒಳಗೆ ಬರಲು ತಡೆಯಾದೀತೆಂದು ಶೇರು ಹಣವನ್ನೂ ಅವರು ಬೇಡವೆಂದರು. ಮುಂದೆ ಕಾನೂನಿನ ಒತ್ತಾಯಕ್ಕೆ ಅತಿ ಸಣ್ಣ ಶೇರು ಇಡಬೇಕಾಯಿತು. ಈ ವಿಷಯದಲ್ಲಿ ಶುಲ್ಜೆಯವರಿಗೂ ಇವರಿಗೂ ದೊಡ್ಡ ಜಗಳವೇ ನಡೆಯಿತು. ನ್ಯಾಯವಾಗಿ ಹೇಳಬೇಕೆಂದರೆ, ಬೇಗ ವಾಪಸು ಕೊಡಬೇಕಾದ ಠೇವಣಿಯಿಂದ ದೀರ್ಘಾವಧಿ ಸಾಲ ಕೊಡುವುದು ಅಪಾಯವೆಂಬ ಶುಲ್ಜೆಯವರ ಆಕ್ಷೇಪಣೆಯಲ್ಲಿ ಹುರುಳಿತ್ತು. ಅದನ್ನು ಸರಿದೂಗಿಸಲೆಂದೇ ರೈಫೈಸನ್ನರು 1872ರಲ್ಲಿ ಸಂಘಗಳಿಗೆಲ್ಲ ಒಂದು ಮೇಲಿನ ಬ್ಯಾಂಕು, 1876ರಲ್ಲಿ ನಾಯ್‌ವೀಡಿನಲ್ಲಿ ಒಂದು ಕೇಂದ್ರ ನಿಧಿ ಸ್ಥಾಪಿಸಿದರು. ಹಣ ಮಿಕ್ಕ ಊರಿನಿಂದ ಹಣ ಸಾಲದ ಊರಿಗೆ ಹರಿಯಿತು.

ಅವರ ಸ್ವಂತ ಬದುಕು ಮಾತ್ರ ಸುಖದ್ದಲ್ಲ. 1863ರಲ್ಲಿ ಪತ್ನಿ ಎಮಿಲಿ ತೀರಿಕೊಂಡರು. ಕಣ್ಣು ಮಂಜಾಗುತ್ತಾ ಬಂದು 1865ರಲ್ಲಿ, 47ನೇ ವಯಸ್ಸಿಗೇ, ನಿವೃತ್ತರಾಗಬೇಕಾಯಿತು. ಬರುವ ಪಿಂಚಣಿ ಮನೆಗೆ ಸಾಲದು. ಸಿಗಾರ್ ತಯಾರಿಕೆಗೆ ಕೈಹಾಕಿ ಬಿಟ್ಟರು, ವೈನ್ ವ್ಯಾಪಾರ ಮಾಡಿದರು. ಓದಲು ಬರೆಯಲು ಕಣ್ಣು ಕಾಣದಾದಾಗ ಮಗಳು ಅಮಾಲಿಯೇ ಅವರ ಕಣ್ಣಾದಳು. 1866ರಲ್ಲಿ ಸಾಲ ನಿಧಿ ಸಂಘಗಳ ಬಗ್ಗೆ ಅವರು ಬರೆದ ಪುಸ್ತಕ ಹೊರಬಂದು, ಅವರ ಕಾಲದಲ್ಲೇ ಹಲವು ಸಲ ಮರುಮುದ್ರಣವಾಯಿತು. ಅದನ್ನು ನೋಡಿ ಊರೂರಿನವರು ತಾವೇ ಸಂಘ ಕಟ್ಟಿಕೊಂಡರು. 1888ರ ಮಾರ್ಚ್ 11ರಂದು, 70 ತುಂಬಲು ಕೆಲವೇ ದಿನ ಇರುವಾಗ, ರೈಫೈಸನ್ನರು ಕಣ್ಣು ಮುಚ್ಚಿದರು.

ಆ ವಿಚಾರ ನಮ್ಮ ಸೀಮೆಗೆ ಬಂದ ಬಗೆಯನ್ನೂ ಹೇಳಿಬಿಡೋಣ. ರೈತರ ಸಾಲದ ಹೊರೆಗೆ ಪರಿಹಾರ ಹುಡುಕಲು ಮದರಾಸು ಸರಕಾರ ಫ್ರೆಡರಿಕ್ ನಿಕಲ್ಸನ್ ಎಂಬ ಅಧಿಕಾರಿಯನ್ನು ನೇಮಿಸಿತು. ಅವರು 1895 ಮತ್ತು 1897ರಲ್ಲಿ ಎರಡು ಸಂಪುಟಗಳ ವರದಿ ಕೊಟ್ಟು ರೈಫೈಸನ್ ಮಾದರಿಯನ್ನೇ ಎತ್ತಿಹಿಡಿದರು. 1904ರಲ್ಲಿ ಸಹಕಾರ ಪತ್ತಿನ ಸಂಘಗಳ ಕಾಯಿದೆ ಬಂತು. ಹಳ್ಳಿಯ ಸಂಘಗಳಿಗೆ ಅಪರಿಮಿತ ಹೊಣೆಯನ್ನೇ ಅದು ವಿಧಿಸಿತು. ಇಂದು ನಮ್ಮ ಸಂಘದ ಬೋರ್ಡಿನ ಕೊನೆಗೆ ನಿಯಮಿತ ಎಂಬ ಪದವಿದೆ. ಅಂದರೆ ಶೇರಿನ ಮಟ್ಟಿಗಷ್ಟೇ ನಮ್ಮ ಹೊಣೆ, ನೆರೆಯವನ ಬಾಕಿಗೆ ನಮ್ಮ ಹೊಲ ಹೋಗುವುದಿಲ್ಲ. ಅಂದಿನವರಿಗೆ ಆ ರಕ್ಷಣೆ ಇರಲಿಲ್ಲ.

ಆದರೂ ಅವರು ಮುಂದೆ ಬಂದರು. 1905ರಲ್ಲಿ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ ಊರಿನ ರೈತರು ಕೂಡಿ, ತಮ್ಮ ತಮ್ಮ ಹೊಲ ಮನೆಗಳನ್ನು ಒಬ್ಬರಿಗೊಬ್ಬರು ಹೊಣೆಯಾಗಿಟ್ಟು, ಸಂಘದ ಮೊದಲ ಖಾತೆಗಳನ್ನು ತೆರೆದರು.