ದೂರದರ್ಶಕಕ್ಕೆ ಹೆಸರಾದ ಅಧಿಕಾರಿ

2022ರ ಜುಲೈ ಎರಡನೆಯ ವಾರದಲ್ಲಿ ಜಗತ್ತಿನ ಹವ್ಯಾಸಿ ಖಗೋಳವೀಕ್ಷಕರಲ್ಲಿ ಮನೆಮಾಡಿದ್ದ ಕಾತರ ಅಪರೂಪದ್ದು. ಜೇಮ್ಸ್ ವೆಬ್ ಬಾಹ್ಯಾಕಾಶ ದೂರದರ್ಶಕ ತೆಗೆದ ಮೊದಲ ವರ್ಣಚಿತ್ರಗಳನ್ನು 12ರಂದು ಬಿಡುಗಡೆ ಮಾಡುವುದಾಗಿ ಅಮೆರಿಕದ ಬಾಹ್ಯಾಕಾಶ ಸಂಸ್ಥೆ ನಾಸಾ ಪ್ರಕಟಿಸಿತ್ತು. ನಾಲ್ಕು ದಿನ ಮೊದಲು, ಯಾವ ಯಾವ ಕಾಯಗಳ ಚಿತ್ರಗಳು ಬರಲಿವೆ ಎಂಬ ಪಟ್ಟಿಯೂ ಹೊರಬಿತ್ತು. ಕರೀನಾ ನಿಹಾರಿಕೆ, ದಕ್ಷಿಣದ ವರ್ತುಲ ನಿಹಾರಿಕೆ, ಸ್ಟೀಫನ್ನನ ಪಂಚಕವೆಂಬ ಐದು ಗೆಲಾಕ್ಸಿಗಳ ಗುಂಪು ಅದರಲ್ಲಿದ್ದವು. ಇವು ಹವ್ಯಾಸಿಗಳಿಗೆ ಹೊಸ ಹೆಸರುಗಳಲ್ಲ. ಕರೀನಾ ನಿಹಾರಿಕೆಯಂತೂ ಮಾರ್ಚ್–ಏಪ್ರಿಲ್ ರಾತ್ರಿಗಳಲ್ಲಿ, ದೀಪಗಳ ಹಾವಳಿಯಿಲ್ಲದ ನಮ್ಮ ಹಳ್ಳಿಗಳಿಂದ, ದಕ್ಷಿಣ ದಿಗಂತದ ಸಮೀಪದಲ್ಲಿ ಸಾಮಾನ್ಯ ದುರ್ಬೀನಿಗೂ ಕಾಣಸಿಗುತ್ತದೆ. ತಮ್ಮ ಉಪಕರಣದಲ್ಲಿ ಮಸುಕಾದ ಬೆಳಕಿನ ಕಲೆಯಾಗಿ ಕಂಡದ್ದು ಆರೂವರೆ ಮೀಟರ್ ವ್ಯಾಸದ ಕನ್ನಡಿಗೆ ಹೇಗೆ ಕಂಡೀತೆಂದು ಅವರು ಕಾದಿದ್ದರು.

ಆ ದಿನಗಳಲ್ಲಿ, ಈ ವೆಬ್ ಎಂಬ ವಿಜ್ಞಾನಿ ಏನನ್ನು ಕಂಡುಹಿಡಿದವರೆಂದು ನನ್ನನ್ನು ಕೇಳಿದವರು ಹಲವರು. ಪ್ರಶ್ನೆ ಸಹಜವೇ. ಹಬಲ್, ಕೆಪ್ಲರ್, ನಮ್ಮ ಚಂದ್ರಶೇಖರ್ ಅವರ ಹೆಸರನ್ನು ಹೊತ್ತ ಚಂದ್ರ, ಇವೆಲ್ಲ ವಿಜ್ಞಾನಿಗಳ ಸ್ಮರಣೆಗೆಂದು ಹೆಸರಿಸಿದ ದೂರದರ್ಶಕಗಳು. ಆದರೆ ಜೇಮ್ಸ್ ಎಡ್ವಿನ್ ವೆಬ್ ವಿಜ್ಞಾನಿಯಲ್ಲ. ಅವರು ಕಾನೂನು ಓದಿದ ಆಡಳಿತಗಾರ, ಆಯವ್ಯಯದ ಮನುಷ್ಯ. ಕಡತಗಳ ನಡುವೆ ಆಯುಷ್ಯದ ಬಹುಭಾಗ ಕಳೆದ ನನ್ನಂಥವನಿಗೆ ಅವರ ಬದುಕು ವಿಶೇಷವಾಗಿ ಕಂಡಿರುವುದು ಇದೇ ಕಾರಣಕ್ಕೆ.

ವೆಬ್ ಹುಟ್ಟಿದ್ದು 1906ರ ಅಕ್ಟೋಬರ್ 7ರಂದು, ನಾರ್ತ್ ಕೆರೊಲಿನಾದ ಟ್ಯಾಲಿ ಹೋ ಎಂಬ ಹಳ್ಳಿಯಲ್ಲಿ. ತಂದೆ ಗ್ರಾನ್‌ವಿಲ್ ಕೌಂಟಿಯ ಶಾಲೆಗಳ ಮೇಲ್ವಿಚಾರಕರು. 1928ರಲ್ಲಿ ಶಿಕ್ಷಣಶಾಸ್ತ್ರದಲ್ಲಿ ಪದವಿ ಪಡೆದ ವೆಬ್, ಮೆರೀನ್ ಪಡೆಯಲ್ಲಿ ವಿಮಾನ ಹಾರಿಸಲು ಕಲಿತರು. ಅನಂತರ ವಾಷಿಂಗ್ಟನ್ನಿನಲ್ಲಿ ಸಂಸತ್ ಸದಸ್ಯರೊಬ್ಬರ ಕಾರ್ಯದರ್ಶಿಯಾಗಿ ದುಡಿದು, ಕೆಲಸದೊಂದಿಗೇ ಕಾನೂನು ಓದಿ 1936ರಲ್ಲಿ ವಕೀಲರಾದರು. ವಿಮಾನೋಪಕರಣಗಳನ್ನು ತಯಾರಿಸುತ್ತಿದ್ದ ಸ್ಪೆರಿ ಕಂಪನಿ ಯುದ್ಧಕಾಲದಲ್ಲಿ ಹಲವು ಪಟ್ಟು ಬೆಳೆದಾಗ ಅದರ ಉನ್ನತ ಹುದ್ದೆಗಳಲ್ಲಿದ್ದರು. ದೊಡ್ಡ ಸಂಸ್ಥೆಯೊಂದು ಹೇಗೆ ಬೆಳೆಯುತ್ತದೆ, ಬೆಳೆಯುವಾಗ ಎಲ್ಲಿ ಬಿರುಕು ಬಿಡುತ್ತದೆ ಎಂಬುದನ್ನು ಅವರು ಕಲಿತದ್ದು ಅಲ್ಲಿ.

1946ರಲ್ಲಿ ಅಧ್ಯಕ್ಷ ಟ್ರೂಮನ್ ಅವರನ್ನು ಬಜೆಟ್ ಬ್ಯೂರೋದ ನಿರ್ದೇಶಕರನ್ನಾಗಿ ನೇಮಿಸಿದರು. ಆಗ ಅವರಿಗೆ ನಲವತ್ತು ವರ್ಷವೂ ತುಂಬಿರಲಿಲ್ಲ. ಯುದ್ಧ ಮುಗಿದ ಮೇಲೆ ಸರ್ಕಾರದ ವೆಚ್ಚಕ್ಕೆ ಕಡಿವಾಣ ಹಾಕುವ ಅಪ್ರಿಯ ಕೆಲಸ ಅವರ ಪಾಲಿಗೆ ಬಂತು. 1949ರಿಂದ 1952ರವರೆಗೆ ವಿದೇಶಾಂಗ ಇಲಾಖೆಯಲ್ಲಿ ಅಧೀನ ಕಾರ್ಯದರ್ಶಿಯಾಗಿದ್ದರು. ನಮ್ಮ ಸಚಿವಾಲಯದಲ್ಲಿ ಈ ಹೆಸರಿನ ಹುದ್ದೆ ಕೆಳಹಂತದ್ದು; ಅಮೆರಿಕದಲ್ಲಿ ಆಗ ಅದು ವಿದೇಶಾಂಗ ಸಚಿವರ ನಂತರದ ಸ್ಥಾನ. ಬಳಿಕ ಕೆಲವು ವರ್ಷ ಒಕ್ಲಹಾಮದಲ್ಲಿ ತೈಲೋದ್ಯಮದಲ್ಲಿದ್ದರು.

1961ರ ಜನವರಿಯಲ್ಲಿ ಅಧ್ಯಕ್ಷ ಕೆನಡಿ ನಾಸಾದ ಹೊಣೆ ವಹಿಸಿಕೊಳ್ಳುವಂತೆ ಕೇಳಿದಾಗ ವೆಬ್ ಹಿಂಜರಿದರು. ಆ ಸ್ಥಾನಕ್ಕೆ ವಿಜ್ಞಾನಿಯೋ ಎಂಜಿನಿಯರೋ ತಕ್ಕವರೆಂಬುದು ಅವರ ಅಭಿಪ್ರಾಯ. ಕೆನಡಿಗೆ ಬೇಕಾಗಿದ್ದದ್ದು ಸರ್ಕಾರದ ನೀತಿಯ ಒಳಹೊರಗನ್ನು ಬಲ್ಲವರು. ಅಧಿಕಾರ ವಹಿಸಿಕೊಂಡು ಎರಡು ತಿಂಗಳಾಗುವಷ್ಟರಲ್ಲಿ ಸೋವಿಯತ್ ಒಕ್ಕೂಟದ ಗಗಾರಿನ್ ಭೂಮಿಯನ್ನು ಸುತ್ತಿ ಬಂದರು. ಮೇ 25ರಂದು, ದಶಕ ಮುಗಿಯುವುದರೊಳಗೆ ಮನುಷ್ಯನನ್ನು ಚಂದ್ರನ ಮೇಲಿಳಿಸುವ ಗುರಿಯನ್ನು ಕೆನಡಿ ಸಂಸತ್ತಿನ ಮುಂದಿಟ್ಟರು.

ಚಂದ್ರಯಾನಕ್ಕೆ 1,000ದಿಂದ 1,200 ಕೋಟಿ ಡಾಲರ್ ಬೇಕಾದೀತೆಂದು ಸಿಬ್ಬಂದಿ ಲೆಕ್ಕ ಕೊಟ್ಟಾಗ, ವೆಬ್ ಅದನ್ನು 2,000 ಕೋಟಿಗೆ ಏರಿಸಿ ಮೇಲೆ ಕಳಿಸಿದರೆಂಬುದು ಪ್ರಸಿದ್ಧ. ಕೊನೆಗೆ ತಗುಲಿದ ವೆಚ್ಚ ಸುಮಾರು 2,500 ಕೋಟಿ ಡಾಲರ್. ಮಂಜೂರಾತಿಗಾಗಿ ಅಂದಾಜನ್ನು ಕುಗ್ಗಿಸಿ ತೋರಿಸುವುದು, ಕೆಲಸ ಅರ್ಧಕ್ಕೆ ಬಂದ ಮೇಲೆ ಪರಿಷ್ಕೃತ ಅಂದಾಜು ಸಲ್ಲಿಸುವುದು ಎಲ್ಲ ದೇಶಗಳ ಕಾಮಗಾರಿ ಇಲಾಖೆಗಳಿಗೂ ಅಂಟಿದ ರೋಗ. ಗೊತ್ತಿಲ್ಲದ್ದಕ್ಕೂ ಲೆಕ್ಕದಲ್ಲಿ ಜಾಗ ಬಿಡಬೇಕೆಂಬುದನ್ನು ವೆಬ್ ಬಲ್ಲವರಾಗಿದ್ದರು.

ಅವರನ್ನು ಸಂತನೆಂದು ಬಣ್ಣಿಸುವುದು ಸರಿಯಾಗದು. ಮಾನವಸಹಿತ ಯಾನದ ಹೊಸ ಕೇಂದ್ರಕ್ಕೆ ಹ್ಯೂಸ್ಟನ್ ಆಯ್ಕೆಯಾದಾಗ, ನಾಸಾದ ಅನುದಾನ ಪರಿಶೀಲಿಸುವ ಉಪಸಮಿತಿಯ ಅಧ್ಯಕ್ಷ ಆಲ್ಬರ್ಟ್ ಥಾಮಸ್ ಅದೇ ನಗರದ ಪ್ರತಿನಿಧಿಯಾಗಿದ್ದರು. ಸಂಸತ್ತಿನ ಒಲವನ್ನು ಉಳಿಸಿಕೊಳ್ಳುವ ಕಲೆ ವೆಬ್‌ಗೆ ಕರತಲಾಮಲಕವಾಗಿತ್ತು. 1966ರಲ್ಲಿ ಅಮೆರಿಕ ಸರ್ಕಾರದ ಒಟ್ಟು ವೆಚ್ಚದ ಶೇ 4.4ರಷ್ಟು ನಾಸಾದ ಪಾಲಾಗಿತ್ತು.

ಆದರೆ ಆ ಹಣವನ್ನು ಅವರು ಹೇಗೆ ಹಂಚಿದರೆಂಬುದೇ ಖಗೋಳಪ್ರಿಯರಿಗೆ ಮುಖ್ಯವಾದ ಸಂಗತಿ. 1962ರ ನವೆಂಬರ್ 21ರಂದು ಶ್ವೇತಭವನದಲ್ಲಿ ನಡೆದ ಸಭೆಯೊಂದರ ಧ್ವನಿಮುದ್ರಣ ದಶಕಗಳ ನಂತರ ಬಹಿರಂಗವಾಯಿತು. ಚಂದ್ರಯಾನವೇ ನಾಸಾದ ಏಕೈಕ ಪರಮ ಆದ್ಯತೆಯಾಗಬೇಕೆಂದು ಕೆನಡಿ ಅಂದು ಪಟ್ಟುಹಿಡಿದರು. ವೆಬ್ ಒಪ್ಪಲಿಲ್ಲ. ಬಾಹ್ಯಾಕಾಶವನ್ನು ಅರಿಯುವ ವಿಜ್ಞಾನವನ್ನು ಬದಿಗೊತ್ತಿ ಚಂದ್ರನಿಗೆ ಹೋಗುವುದು ವಿವೇಕವಲ್ಲವೆಂದು, ತಮ್ಮನ್ನು ನೇಮಿಸಿದ ಅಧ್ಯಕ್ಷರ ಎದುರಿನಲ್ಲೇ ವಾದಿಸಿದರು. ಇತರ ಕಾರ್ಯಕ್ರಮಗಳ ಹಣವನ್ನು ಚಂದ್ರಯೋಜನೆಗೆ ವರ್ಗಾಯಿಸುವ ಒತ್ತಡಕ್ಕೂ ಮಣಿಯಲಿಲ್ಲ. ಮೇಲಿನವರಿಗೆ ತುರ್ತಾಗಿ ಕಂಡ ಯೋಜನೆಗಾಗಿ ಮತ್ತೊಂದು ಲೆಕ್ಕಶೀರ್ಷಿಕೆಯ ಹಣವನ್ನು ಸದ್ದಿಲ್ಲದೆ ಮರುಹೊಂದಿಸುವುದು ಎಷ್ಟು ಸುಲಭ, ಬೇಡವೆನ್ನುವುದು ಎಷ್ಟು ಕಷ್ಟ ಎಂಬುದು ಸರ್ಕಾರದಲ್ಲಿ ದುಡಿದವರಿಗೆ ತಿಳಿದ ವಿಷಯ.

ಈ ನಿಲುವಿನ ಫಲ ಸಣ್ಣದಲ್ಲ. ಮ್ಯಾರಿನರ್ ನೌಕೆಗಳು 1962ರಲ್ಲಿ ಶುಕ್ರವನ್ನೂ 1965ರಲ್ಲಿ ಮಂಗಳವನ್ನೂ ಸಮೀಪಿಸಿದವು. ವಿಶ್ವವಿದ್ಯಾಲಯಗಳಲ್ಲಿ ಪ್ರಯೋಗಾಲಯಗಳೆದ್ದವು, ಸಂಶೋಧನ ವಿದ್ಯಾರ್ಥಿಗಳಿಗೆ ನೆರವು ದೊರೆಯಿತು. ಅವರ ಅವಧಿ ಮುಗಿಯುವಷ್ಟರಲ್ಲಿ ನಾಸಾ ಎಪ್ಪತ್ತೈದಕ್ಕೂ ಹೆಚ್ಚು ವೈಜ್ಞಾನಿಕ ಯಾನಗಳನ್ನು ಕೈಗೊಂಡಿತ್ತು. ಕಕ್ಷೆಯಲ್ಲಿ ದೂರದರ್ಶಕವಿರಿಸುವ ಮೊದಲ ಪ್ರಯತ್ನ 1966ರ ಏಪ್ರಿಲ್‌ನಲ್ಲಿ ವಿದ್ಯುತ್ ದೋಷದಿಂದ ವಿಫಲವಾದರೂ ಕಾರ್ಯಕ್ರಮ ನಿಲ್ಲಲಿಲ್ಲ. 1968ರ ಡಿಸೆಂಬರ್‌ನಲ್ಲಿ ಹಾರಿದ ಎರಡನೆಯ ವೀಕ್ಷಣಾಲಯ ಯಶಸ್ವಿಯಾಯಿತು. ನಾಸಾದಲ್ಲಿ ಖಗೋಳ ವಿಭಾಗವನ್ನು ಕಟ್ಟಿದ ನ್ಯಾನ್ಸಿ ಗ್ರೇಸ್ ರೋಮನ್ ಅವರ ಶ್ರಮ ಇದರ ಹಿಂದಿತ್ತು. ಹಬಲ್, ವೆಬ್ ದೂರದರ್ಶಕಗಳ ವಂಶಾವಳಿ ಆರಂಭವಾಗುವುದು ಇಲ್ಲಿಂದ.

ವೆಬ್ ಅವರ ಬಾಳಿನ ಕಠಿಣ ದಿನ 1967ರ ಜನವರಿ 27. ಅಪೊಲೊ ನೌಕೆಯಲ್ಲಿ ನೆಲದ ಮೇಲೆಯೇ ನಡೆಯುತ್ತಿದ್ದ ಪರೀಕ್ಷೆಯ ವೇಳೆ ಬೆಂಕಿ ಹೊತ್ತಿ ಗ್ರಿಸಂ, ವೈಟ್, ಚಾಫಿ ಎಂಬ ಮೂವರು ಗಗನಯಾತ್ರಿಗಳು ಅಸುನೀಗಿದರು. ಶುದ್ಧ ಆಮ್ಲಜನಕ ತುಂಬಿದ ಕೋಣೆ, ಸುಲಭವಾಗಿ ಉರಿಯುವ ಸಾಮಗ್ರಿ, ಒಳಮುಖವಾಗಿ ತೆರೆಯುವ ಬಾಗಿಲು, ಇವು ತನಿಖೆಯಲ್ಲಿ ಬಯಲಾದ ದೋಷಗಳು. ತನಿಖೆಯನ್ನು ನಾಸಾವೇ ನಡೆಸಲೆಂದು ಅಧ್ಯಕ್ಷ ಜಾನ್ಸನ್ ಅವರನ್ನು ವೆಬ್ ಒಪ್ಪಿಸಿದ್ದು ಟೀಕೆಗೊಳಗಾಯಿತು. ಗುತ್ತಿಗೆದಾರ ಕಂಪನಿಯ ಲೋಪಗಳನ್ನು ಪಟ್ಟಿಮಾಡಿದ್ದ ಆಂತರಿಕ ವರದಿಯೊಂದರ ಬಗ್ಗೆ ಸಂಸತ್ ಸಮಿತಿಯ ಮುಂದೆ ಸಮರ್ಪಕವಾಗಿ ಉತ್ತರಿಸಲಾಗದೆ ಅವರು ಮುಜುಗರಕ್ಕೂ ಒಳಗಾದರು. ಆದರೂ ಕೆಳಗಿನ ಎಂಜಿನಿಯರುಗಳನ್ನು ಬಲಿಗೊಡದೆ, ತಿಂಗಳುಗಟ್ಟಲೆ ಟೀಕೆಯನ್ನು ತಾವೇ ಹೊತ್ತರು. ಅವರ ವರ್ಚಸ್ಸು ಮತ್ತೆ ಮೊದಲಿನಂತಾಗಲಿಲ್ಲ, ಸಂಸ್ಥೆ ಉಳಿಯಿತು. ಅರವತ್ತೆರಡನೆಯ ಹುಟ್ಟುಹಬ್ಬದ ದಿನ, 1968ರ ಅಕ್ಟೋಬರ್ 7ರಂದು, ಅವರು ಹುದ್ದೆ ತೊರೆದರು. ಒಂಬತ್ತು ತಿಂಗಳ ಬಳಿಕ ಮನುಷ್ಯ ಚಂದ್ರನ ಮೇಲೆ ಕಾಲಿಟ್ಟಾಗ ನಾಸಾದ ಮುಖ್ಯಸ್ಥರು ಬೇರೆಯವರು. 1992ರ ಮಾರ್ಚ್ 27ರಂದು ವೆಬ್ ನಿಧನರಾದರು.

ಮುಂದಿನ ಪೀಳಿಗೆಯ ದೂರದರ್ಶಕಕ್ಕೆ ಅವರ ಹೆಸರಿಡುವ ನಿರ್ಧಾರ 2002ರಲ್ಲಿ ಪ್ರಕಟವಾಯಿತು. ಪ್ರಕಟಿಸಿದ ಶಾನ್ ಓ'ಕೀಫ್ ಕೂಡ ಬಜೆಟ್ ಕಚೇರಿಯಿಂದ ನಾಸಾಕ್ಕೆ ಬಂದವರೇ. ವಿಪರ್ಯಾಸವೆಂದರೆ, ಅಂದಾಜುಗಳ ವಿಷಯದಲ್ಲಿ ಅಷ್ಟು ಎಚ್ಚರವಿದ್ದವರ ಹೆಸರಿನ ಯೋಜನೆಯೇ ಅಂದಾಜು ಮೀರಿತು. ಆರಂಭದಲ್ಲಿ 100 ಕೋಟಿ ಡಾಲರ್‌ನೊಳಗೆ ಮುಗಿಯಬೇಕಿದ್ದದ್ದು ಸುಮಾರು 1,000 ಕೋಟಿಗೆ ಏರಿತು. 2011ರಲ್ಲಿ ಸಂಸತ್ತಿನ ಉಪಸಮಿತಿಯೊಂದು ಯೋಜನೆಯನ್ನೇ ಕೈಬಿಡಲು ಹೊರಟಿತ್ತು. ಕಡೆಗೆ 2021ರ ಡಿಸೆಂಬರ್ 25ರಂದು ಉಡಾವಣೆಯಾಗಿ, ಭೂಮಿಯಿಂದ ಸುಮಾರು 15 ಲಕ್ಷ ಕಿಲೋಮೀಟರ್ ದೂರದಲ್ಲಿ ಅದು ನೆಲೆಗೊಂಡಿತು.

ಹೆಸರಿನ ಬಗ್ಗೆ ಗಂಭೀರವಾದ ಆಕ್ಷೇಪವೂ ಎದ್ದಿತು. ವೆಬ್ ವಿದೇಶಾಂಗ ಇಲಾಖೆಯಲ್ಲಿದ್ದ ವರ್ಷಗಳಲ್ಲಿ ಸಲಿಂಗಕಾಮಿ ನೌಕರರನ್ನು ಹುಡುಕಿ ವಜಾ ಮಾಡಲಾಗುತ್ತಿತ್ತು. ಅವರು ನಾಸಾದ ಮುಖ್ಯಸ್ಥರಾಗಿದ್ದಾಗಲೂ, 1963ರಲ್ಲಿ, ನೌಕರರೊಬ್ಬರು ಇದೇ ಕಾರಣಕ್ಕೆ ಕೆಲಸ ಕಳೆದುಕೊಂಡರು. ಹೆಸರು ಬದಲಿಸಬೇಕೆಂದು ಸಾವಿರಕ್ಕೂ ಹೆಚ್ಚು ಮಂದಿ 2021ರಲ್ಲಿ ಮನವಿ ಸಲ್ಲಿಸಿದರು. ವೆಬ್ ಈ ಕ್ರಮಗಳ ಮುಂದಾಳಾಗಿದ್ದರೆಂಬುದಕ್ಕೆ ಪುರಾವೆಯಿಲ್ಲವೆಂದು 2022ರ ನವೆಂಬರ್‌ನಲ್ಲಿ ನಾಸಾದ ವರದಿ ಹೇಳಿತು; ಹೆಸರು ಉಳಿಯಿತು.

ಪುರಾವೆಯಿಲ್ಲ ಎಂಬಲ್ಲಿಗೆ ವಿಷಯ ಮುಗಿಯುತ್ತದೆಂದು ನನಗನಿಸುವುದಿಲ್ಲ. ಅಪೊಲೊ ನೌಕೆಯ ವಿನ್ಯಾಸವನ್ನು ವೆಬ್ ಬರೆದಿರಲಿಲ್ಲ. ಆದರೂ ಅದರ ಹೊಣೆ ಹೊತ್ತರು. ನಾವು ಅವರನ್ನು ಮೆಚ್ಚುವುದು ಅದಕ್ಕಾಗಿ. ಅದೇ ಅಳತೆಗೋಲಿನಲ್ಲಿ, ತಮ್ಮ ಕಚೇರಿಯ ಸೂರಿನಡಿ ನಿರಪರಾಧಿಗಳು ಅನ್ನ ಕಳೆದುಕೊಂಡಾಗ ಮೌನವಾಗಿದ್ದುದರ ಪಾಲೂ ಅವರ ಲೆಕ್ಕಕ್ಕೆ ಸೇರಲೇಬೇಕು. ಆ ಕಾಲದ ಕಾನೂನು ಹಾಗಿತ್ತೆಂಬ ವಿವರಣೆ ನಿಜ. ಅದು ಪೂರ್ಣ ಉತ್ತರವಲ್ಲ.

ನಮ್ಮ ನಾಡಿನ ಕೆರೆಗಳ ಬಳಿಯ ಶಾಸನಗಳಲ್ಲಿ ಸಾಮಾನ್ಯವಾಗಿ ಕಾಣುವುದು ಕಟ್ಟಿಸಿದವರ ಹೆಸರು; ಮಣ್ಣು ಹೊತ್ತವರ ಹೆಸರು ಅಪರೂಪ. ಈ ದೂರದರ್ಶಕದ ಕತೆಯೂ ಅಂಥದ್ದೇ. ಸಾವಿರಾರು ಎಂಜಿನಿಯರು, ವಿಜ್ಞಾನಿಗಳ ದುಡಿಮೆ ಒಬ್ಬ ಆಡಳಿತಗಾರನ ಹೆಸರಿನಡಿ ನಿಂತಿದೆ. ಆದರೂ, ಮತ ತಾರದ, ಪರೇಡಿಗೆ ಬಾರದ, ಫಲ ಯಾವಾಗ ಸಿಕ್ಕೀತೆಂದು ಹೇಳಲಾಗದ ಕೆಲಸಕ್ಕಾಗಿ ಹಣದ ಒಂದು ಸಾಲನ್ನು ಆಯವ್ಯಯದಲ್ಲಿ ಉಳಿಸಿಕೊಡುವುದು ಆಡಳಿತಗಾರನಿಂದ ಮಾತ್ರ ಸಾಧ್ಯ. ನಾಸಾವನ್ನು ಸ್ಥಾಪಿಸಿದ 1958ರ ಕಾನೂನು, ಅದು ಗಳಿಸಿದ ತಿಳಿವಳಿಕೆಯನ್ನು ಸಾಧ್ಯವಾದಷ್ಟೂ ವ್ಯಾಪಕವಾಗಿ ಹಂಚಬೇಕೆಂದು ವಿಧಿಸಿದೆ. ಹಾಗಾಗಿ ವೆಬ್ ಕಳಿಸುವ ದತ್ತಾಂಶ ತಜ್ಞರ ಸ್ವತ್ತಾಗಿ ಉಳಿಯದೆ ಸಾರ್ವಜನಿಕ ಸಂಗ್ರಹಕ್ಕೆ ಬರುತ್ತದೆ. ಗಣಕಯಂತ್ರವೂ ತಾಳ್ಮೆಯೂ ಇರುವ ಯಾವ ಹವ್ಯಾಸಿಯಾದರೂ ಅದರಿಂದ ತಾನೇ ಚಿತ್ರ ರೂಪಿಸಬಹುದು. ಹಲವರು ರೂಪಿಸುತ್ತಲೂ ಇದ್ದಾರೆ. 1962ರ ಆ ಸಭೆಯಲ್ಲಿ ವೆಬ್ ತಲೆದೂಗಿ ಎದ್ದು ಬಂದಿದ್ದರೆ ಯಾರೂ ಅವರನ್ನು ದೂರುತ್ತಿರಲಿಲ್ಲ. ಏನು ಕೈತಪ್ಪಿತೆಂಬುದೂ ಯಾರಿಗೂ ತಿಳಿಯುತ್ತಿರಲಿಲ್ಲ.