ಸೊನ್ನಲಿಗೆಯ ಶಿವಯೋಗಿಯ ನಡೆ-ನುಡಿ



ಸೊಲ್ಲಾಪುರ, ಅಕ್ಕಲಕೋಟ, ಜತ್ತ ಭಾಗದ ನಮಗೆ ಶಿವಯೋಗಿ ಸಿದ್ಧರಾಮೇಶ್ವರರು ಮನೆಯ ಹಿರಿಯರಿದ್ದಂತೆ. ಅವರು ಕಟ್ಟಿಸಿದ ಕೆರೆಯನ್ನು, ಸಂಕ್ರಾಂತಿಯ ಜಾತ್ರೆಯನ್ನು ಎಲ್ಲರೂ ಬಲ್ಲೆವು. ಅವರ ಬಾಳಿನಲ್ಲಿ ಸೌಜನ್ಯಕ್ಕಿದ್ದ ಸ್ಥಾನವನ್ನು ಈ ಸಲ ನೆನೆಯೋಣ.

12ನೆಯ ಶತಮಾನದಲ್ಲಿ ಸೊನ್ನಲಿಗೆಯ ಮುದ್ದುಗೌಡ, ಸುಗ್ಗವ್ವೆಯರ ಮಗನಾಗಿ ಹುಟ್ಟಿದ ಸಿದ್ಧರಾಮರು ಬಾಲ್ಯದಲ್ಲಿ ದನಕರು ಕಾಯುತ್ತಿದ್ದರು. ರಾಘವಾಂಕ ಕವಿಯ ಕಾವ್ಯದಲ್ಲಿ ಬರುವ ಕಥೆ ಇದು. ಒಂದು ದಿನ ಹೊಲಕ್ಕೆ ಜಂಗಮರೊಬ್ಬರು ಬಂದರು. ಬಾಲಕನು ತೆನೆ ಸುಟ್ಟು ಕೊಟ್ಟನು. ಅತಿಥಿ ಮೊಸರನ್ನ ಬೇಡಲು ಮನೆಗೆ ಓಡಿ ತಂದನು. ಬರುವಷ್ಟರಲ್ಲಿ ಅವರಿರಲಿಲ್ಲ. ಬಂದವರು ಉಣ್ಣದೆ ಹೋದರೆಂಬ ಸಂಕಟ ತಾಳದೆ ಆ ಬಾಲಕನು ಮಲ್ಲಯ್ಯನನ್ನು ಕೂಗುತ್ತ ಶ್ರೀಶೈಲದವರೆಗೆ ಹೋದನು.

ಮರಳಿ ಬಂದು ಊರ ಹಿತಕ್ಕಾಗಿ ಕೆರೆಯ ಕಾಯಕ ಹಿಡಿದರು. ಸಾವಿರಾರು ಕೈಗಳು ಮಣ್ಣು ಹೊತ್ತವು. ಅಲ್ಲಿಗೆ ಅಲ್ಲಮಪ್ರಭುಗಳು ಬಂದು, ಸಿದ್ಧರಾಮರನ್ನು ಬೇಕೆಂದೇ ಏಕವಚನದಲ್ಲಿ, ಹಗುರವಾದ ಹೆಸರಿನಿಂದ ವಿಚಾರಿಸಿದರು. ಗುರುವಿನ ಮೇಲಿನ ಅಭಿಮಾನದಿಂದ ಕೆಲಸದವರು ಅವರ ಮೇಲೆ ಕಲ್ಲು ತೂರಿದರು. ಸುದ್ದಿ ಕೇಳಿ ಸಿದ್ಧರಾಮರೂ ಸಿಟ್ಟಿನಿಂದಲೇ ಬಂದರು. ಅವರ ಹಣೆಗಣ್ಣಿನ ಬೆಂಕಿಯೂ ಪ್ರಭುಗಳ ಪಾದದಲ್ಲಿ ಆರಿಹೋಯಿತೆಂದು ಶೂನ್ಯಸಂಪಾದನೆ ಹೇಳುತ್ತದೆ. ಕೆರೆ, ಗುಡಿ, ಕೀರ್ತಿ ಎಲ್ಲ ಇದ್ದೂ ಒಂದು ಮಾತನ್ನು ತಾಳಿಕೊಳ್ಳಲಾಗಲಿಲ್ಲವೆಂಬುದನ್ನು ಅವರು ಅರಿತರು. ತಲೆಬಾಗಿದರು. ಪ್ರಭುಗಳ ಜೊತೆ ಕಲ್ಯಾಣಕ್ಕೆ ನಡೆದು, ವಯಸ್ಸಿನಲ್ಲಿ ಕಿರಿಯರಾದ ಚೆನ್ನಬಸವಣ್ಣನವರಿಂದ ದೀಕ್ಷೆ ಪಡೆದರು.

ಸೊಲ್ಲಾಪುರದಲ್ಲಿ ಇನ್ನೊಂದು ಕಥೆಯಿದೆ. ಅವರ ಅಂಗಳವನ್ನು ದಿನವೂ ಸಾರಿಸಿ ರಂಗೋಲಿ ಹಾಕುತ್ತಿದ್ದ ಕುಂಬಾರ ಕನ್ಯೆ ಅವರನ್ನೇ ವರಿಸಬೇಕೆಂದಳು. ಯೋಗಿಗೆ ಮದುವೆ ಸಲ್ಲದು. ಆದರೆ ಅವರು ಗದರಿಸಲಿಲ್ಲ, ನಗೆಪಾಟಲು ಮಾಡಲಿಲ್ಲ. ತಮ್ಮ ಯೋಗದಂಡದೊಡನೆ ಮದುವೆಯಾಗಲು ಒಪ್ಪಿದರು. ಇಲ್ಲವೆನ್ನಬೇಕಾದಲ್ಲಿಯೂ ಆಕೆಯ ಮಾನ ಕಾಯ್ದರು. ಜಾತ್ರೆಯಲ್ಲಿ ನಂದಿಧ್ವಜಗಳ ಮುಂದೆ ಅಕ್ಷತೆ ಬೀಳುವುದು ಈ ನೆನಪಿಗಾಗಿಯೇ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಸೊಲ್ಲಾಪುರ ಗಡಿಯಾಚೆ ಉಳಿದರೂ ಕನ್ನಡದವರು, ಮರಾಠಿಯವರು ಕೂಡಿಯೇ ಆ ಅಕ್ಷತೆ ಹಾಕುತ್ತಾರೆ.

ಕೆರೆಯ ದಂಡೆಯ ಪ್ರಸಂಗವನ್ನು ನಾವು ಮತ್ತೆ ಮತ್ತೆ ಯೋಚಿಸಬೇಕು. ಕಲ್ಲು ತೂರಿದವರು ಸಿದ್ಧರಾಮರಲ್ಲ, ಅವರ ಕಡೆಯವರು. ಆದರೂ ತಲೆಬಾಗಿದವರು ಸಿದ್ಧರಾಮರು. ಗಲ್ಲೆಯ ಮೇಲೆ ಕುಳಿತ ಧಣಿ ಹಮಾಲನನ್ನು ಹೇಗೆ ಕರೆಯುತ್ತಾನೋ, ಅಂಗಡಿಯ ಹುಡುಗ ಗಿರಾಕಿಯನ್ನು ಹಾಗೇ ಕರೆಯುತ್ತಾನೆ. ಹೊಲದ ಒಡೆಯ ಕೂಲಿಯವರೊಡನೆ ಆಡಿದ ಮಾತನ್ನೇ ಅವನ ಮಕ್ಕಳು ಕಲಿಯುತ್ತಾರೆ. ನಮ್ಮವರ ಒರಟುತನದ ಹೊಣೆ ನಮ್ಮದೇ.

ಆದ್ದರಿಂದ ಬಾಗಿಲಿಗೆ ಬಂದವರು ಯಾವ ಭಾಷೆಯವರೇ ಇರಲಿ, ಮೊದಲು ಕುಳ್ಳಿರಿಸಿ ನೀರು ಕೊಡೋಣ. ಕೊಡಲಾಗದ ಸಾಲವನ್ನು ಸಮಾಧಾನದಿಂದ ಇಲ್ಲವೆನ್ನೋಣ. ಶಿವಯೋಗಿಗಳ ಜಾತ್ರೆಗೆ ಹೋಗಿಬರುವ ನಮ್ಮಿಂದ ಇಷ್ಟಾದರೂ ಆಗಲಿ.